ಗ್ರೋಹೋಲ್ಮೆಗೆ ಹಕ್ಕಿ ಬಂದಿಲ್ಲ

ಗುನ್ವೋರ್ ಬಗ್ಗೆ ವೆರ್ಮೋಯಾ ದ್ವೀಪದಲ್ಲಿ ಹಬ್ಬಿರುವ ಕಥೆ ಇದು: ಸಾಲ್ಮನ್ ಮೀನಿನ ಕಾರ್ಖಾನೆಯ ದೋಣಿ ವಿಹಾರದ ದಿನ ಅವಳಿಗೆ ತಲೆ ಕೆಟ್ಟಿತು, ಮ್ಯಾನೇಜರನೂ ಸೇರಿದಂತೆ ಜೊತೆಯ ಕೆಲಸಗಾರರನ್ನೆಲ್ಲ ದೋಣಿಯ ಕ್ಯಾಬಿನ್ನಿಗೆ ಅಟ್ಟಿ, ಹೊರಗಿನಿಂದ ಬೀಗ ಜಡಿದು, ಬೀಗದ ಕೈಯನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡಳು, ಕಡಲು ಇಳಿದು ಮತ್ತೆ ಏರುವವರೆಗೆ ಯಾರನ್ನೂ ಹೊರಗೆ ಬಿಡಲಿಲ್ಲ. ಕೆಲವರು ಹೇಳುವಾಗ ಅವಳ ಕೈಯಲ್ಲಿ ಮೀನು ಸೀಳುವ ಚೂರಿಯೂ ಇರುತ್ತದೆ. ಸಹಕಾರಿ ಅಂಗಡಿಯ ಕಾಫಿ ಮೇಜಿನ ಸುತ್ತ ಕೂರುವ ಮುದುಕರ ಬಾಯಲ್ಲಿ ಆ ಚೂರಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತ ಬಂದಿದೆ.

ನಾನು ಆ ಕ್ಯಾಬಿನ್ನಿನಲ್ಲಿದ್ದೆ. ಅದರ ಬಾಗಿಲಿಗೆ ಬೀಗವಿರಲಿಲ್ಲ. ಚಿಲಕ ಕೂಡ ಮುರಿದು ಎಷ್ಟೋ ಕಾಲವಾಗಿತ್ತು; ಗಾಳಿಗೆ ಬಡಿದುಕೊಳ್ಳದಿರಲೆಂದು ದೋಣಿಯ ಯಜಮಾನ ಮಾಗ್ನಾರ್ ಅದನ್ನು ಬಲೆಯ ಹುರಿಯಿಂದ ಬಿಗಿಯುತ್ತಿದ್ದ. ಯಾರು ಬೇಕಾದರೂ, ಯಾವಾಗ ಬೇಕಾದರೂ ಅದನ್ನು ತಳ್ಳಿಕೊಂಡು ಹೊರಗೆ ಹೋಗಬಹುದಿತ್ತು. ಹೋಗಲಿಲ್ಲ. ಆ ದಿನ ನಿಜವಾಗಿ ಸಿಕ್ಕಿಬಿದ್ದವಳು ಗುನ್ವೋರ್ ಒಬ್ಬಳೇ, ಮತ್ತು ಅವಳನ್ನು ಸಿಕ್ಕಿಸಿದ್ದು ಅವಳದೇ ಬಾಯಿಂದ ಬಂದ ಒಂದು ಮಾತು.

ಗುನ್ವೋರ್ ಹುಟ್ಟಿದ್ದು ಗ್ರೋಹೋಲ್ಮೆಯಲ್ಲಿ. ಒಂದು ಮನೆ, ದೋಣಿಯಿಡಲು ದಡದಲ್ಲೊಂದು ದೋಣಿಮನೆ, ಹುಲ್ಲು, ಬಂಡೆ. ಆ ನಡುಗಡ್ಡೆಯಲ್ಲಿ ಇರುವುದು ಇಷ್ಟೇ. ಸಣ್ಣ ದ್ವೀಪಗಳನ್ನು ಬಿಟ್ಟು ದೊಡ್ಡ ದ್ವೀಪಕ್ಕೆ ಬನ್ನಿ, ಶಾಲೆಯಿದೆ, ವಿದ್ಯುತ್ತಿದೆ ಎಂದು ಸರ್ಕಾರ ಕರೆದಾಗ ಅವಳ ಮನೆಯವರೂ ವೆರ್ಮೋಯಾಕ್ಕೆ ಬಂದರು. ದನಗಳು ಬಂದವು, ಒಲೆ ಬಂತು, ಕಿಟಕಿಗಳನ್ನು ಕೂಡ ಕಳಚಿ ತಂದರು. ಬಾರದೆ ಉಳಿದವು ಹಕ್ಕಿಗಳು. ಹಾಗಾಗಿ ಅವಳ ತಾಯಿ ಪ್ರತಿ ವಸಂತದಲ್ಲೂ ಹುಟ್ಟು ಹಾಕಿಕೊಂಡು ಅಲ್ಲಿಗೆ ಮರಳುತ್ತಿದ್ದಳು. ತಾಯಿಯ ನಂತರ ಗುನ್ವೋರ್.

ಅವು ಈಡರ್ ಎಂಬ ಕಡಲಬಾತುಗಳು. ಚಳಿಗಾಲವನ್ನು ಹೊರಗಡಲಿನಲ್ಲಿ ಕಳೆದು ವಸಂತಕ್ಕೆ ದಡಕ್ಕೆ ಬರುತ್ತವೆ. ನಮ್ಮ ಕರಾವಳಿಯ ಹೆಂಗಸರು ಅವುಗಳಿಗೆ ಮನೆ ಮಾಡಿಕೊಡುತ್ತಾರೆ: ಕಲ್ಲು ಜೋಡಿಸಿದ ಗೂಡು, ಮಗುಚಿಟ್ಟ ಹಳೆಯ ದೋಣಿ, ದೋಣಿಮನೆಯ ಹಲಗೆಗಳ ಕೆಳಗಿನ ಸಂದು. ಕಡಲಪಾಚಿಯನ್ನು ಒಣಗಿಸಿ, ಕೈಯಿಂದ ಉದುರಿಸಿ, ಬಟ್ಟಲಿನಂತೆ ಒತ್ತಿ ಹಾಸುತ್ತಾರೆ. ಹಕ್ಕಿ ತನ್ನ ಎದೆಯ ತುಪ್ಪುಳನ್ನೇ ಕಿತ್ತು ಅದರ ಮೇಲೆ ಹರಡಿ ಮೊಟ್ಟೆಯಿಡುತ್ತದೆ. ಅದು ಮರಿಗಳನ್ನು ಕರೆದುಕೊಂಡು ಕಡಲಿಗಿಳಿದ ಮೇಲೆ ಗೂಡಿನಲ್ಲಿ ಉಳಿದ ತುಪ್ಪುಳು ಮನೆಯವಳದು. ಅಲ್ಲಿಯವರೆಗೆ ಹಕ್ಕಿ ಕಾಯುವವಳು ಮೆಲ್ಲಗೆ ನಡೆಯಬೇಕು, ಮೆಲ್ಲಗೆ ಮಾತಾಡಬೇಕು, ದಿನವೂ ಅದೇ ಬಟ್ಟೆ ತೊಡಬೇಕು. ಕಾವಿಗೆ ಕೂತ ಹಕ್ಕಿ ನೋಡುವುದು ಮುಖವನ್ನಲ್ಲ, ಬಟ್ಟೆಯನ್ನು. ಗುನ್ವೋರ್‌ಳ ಪಾಲಿಗೆ ಅದು ತಾಯಿಯ ಬೂದು ಲಂಗ ಮತ್ತು ತಂದೆಯ ಕಂದು ಉಣ್ಣೆಯಂಗಿ. ಎರಡೂ ಗ್ರೋಹೋಲ್ಮೆಯ ದೋಣಿಮನೆಯ ಮೊಳೆಯಲ್ಲೇ ನೇತಾಡುತ್ತಿದ್ದವು.

ಇನ್ನೊಂದು ನಿಯಮವಿತ್ತು. ಹಕ್ಕಿ ಬಂದಿದೆಯೆಂದು ಬಾಯಿಬಿಟ್ಟು ಹೇಳಕೂಡದು. ಮರಿ ನೀರಿಗಿಳಿಯುವವರೆಗೆ ಯಾರು ಕೇಳಿದರೂ ಉತ್ತರ ಒಂದೇ: "ಈ ವರ್ಷ ಒಂದೂ ಬಂದಿಲ್ಲ." ಎಲ್ಲ ದ್ವೀಪಗಳಲ್ಲೂ ಹಕ್ಕಿ ತುಂಬಿರುತ್ತಿದ್ದ ಕಾಲದಲ್ಲಿ ಇದು ಯಾರನ್ನೂ ಮೋಸಗೊಳಿಸುತ್ತಿರಲಿಲ್ಲ. ಒಂದೂ ಬಂದಿಲ್ಲ ಎಂದವಳ ಮುಖದ ಮೇಲೆ ನಗೆಯಿರುತ್ತಿತ್ತು, ಕೇಳಿದವಳೂ ನಗುತ್ತಿದ್ದಳು, "ಅಯ್ಯೋ ಪಾಪ" ಎಂದು ಇಬ್ಬರೂ ತಂತಮ್ಮ ದಾರಿ ಹಿಡಿಯುತ್ತಿದ್ದರು. ಆಮೇಲೆ ಮಿಂಕ್ ಬಂತು. ತುಪ್ಪಳದ ಕೋಟು ಹೊಲಿಯಲೆಂದು ಯಾರೋ ಎಲ್ಲೋ ಸಾಕಿದ್ದ, ಮುಂಗುಸಿಯಂಥ ಆ ಪ್ರಾಣಿ ಬೋನಿನಿಂದ ತಪ್ಪಿಸಿಕೊಂಡು, ದ್ವೀಪದಿಂದ ದ್ವೀಪಕ್ಕೆ ಈಜಿ, ಗೂಡುಗಳನ್ನು ಒಂದೊಂದಾಗಿ ಬರಿದು ಮಾಡಿತು. ಒಂದು ವಸಂತದಲ್ಲಿ ಗುನ್ವೋರ್ "ಒಂದೂ ಬಂದಿಲ್ಲ" ಎಂದಾಗ ಅವಳ ಮುಖದಲ್ಲಿ ನಗೆಯಿರಲಿಲ್ಲ. ಕೇಳಿದವರೂ ನಗಲಿಲ್ಲ.

ಆಮೇಲೆ ಉಳಿದ ಮನೆಗಳವರು ಗೂಡು ಹಾಸುವುದನ್ನು ನಿಲ್ಲಿಸಿದರು. ಗುನ್ವೋರ್ ನಿಲ್ಲಿಸಲಿಲ್ಲ. ಬೋನಿಟ್ಟು ಮಿಂಕ್ ಹಿಡಿದಳು. ವರ್ಷ ವರ್ಷವೂ ಬರಿಯ ಗೂಡುಗಳಿಗೆ ಹೊಸ ಪಾಚಿ ಹಾಸಿ, ಬೂದು ಲಂಗ ಉಟ್ಟು, ಯಾರೂ ಇಲ್ಲದ ದ್ವೀಪದಲ್ಲಿ ಪಿಸುದನಿಯಲ್ಲಿ ಓಡಾಡಿದಳು. ಕರಾವಳಿ ಹಡಗಿನ ಅಡುಗೆಯವನೊಬ್ಬನ ಜೊತೆ ಅವಳ ಮದುವೆ ನಿಶ್ಚಯವಾಗಿತ್ತು. ಅವನಿಗೆ ರಜೆ ಸಿಗುತ್ತಿದ್ದದ್ದು ಮೇ ತಿಂಗಳಲ್ಲಿ. ಪ್ರತಿ ಮೇ ತಿಂಗಳಲ್ಲೂ ಅವಳು ದ್ವೀಪದಲ್ಲಿರುತ್ತಿದ್ದಳು. ಕೊನೆಗೆ ಅವನು ಬೋಡೊ ಪಟ್ಟಣದವಳೊಬ್ಬಳನ್ನು ಮದುವೆಯಾದ. ಗುನ್ವೋರ್ ತನ್ನಲ್ಲಿ ಉಳಿದಿದ್ದ ಹಳೆಯ ತುಪ್ಪುಳಿನಿಂದ ಅವರಿಗೊಂದು ಹೊದಿಕೆ ಹೊಲಿದು ಕಳಿಸಿದಳು. ಪ್ಯಾಕಿಂಗ್ ಸಾಲಿನಲ್ಲಿ ಅವಳ ಪಕ್ಕಕ್ಕೇ ನಿಲ್ಲುತ್ತಿದ್ದ ಒಡ್ಲೌಗ್ ಅದನ್ನು ವರ್ಷಗಟ್ಟಲೆ ಆಡಿಕೊಂಡಳು.

"ಬಾತೂ ಹೋಯ್ತು, ಗಂಡೂ ಹೋದ. ಹೊದಿಕೆನಾದ್ರೂ ಇಟ್ಕೋಬಾರ್ದಿತ್ತಾ, ಮಾರಾಯ್ತಿ?"

"ನಂಗೆ ಚಳಿ ಆಗಲ್ಲ."

"ಹೂಂ, ಯಾರೂ ಬರದ ಹೋಟ್ಲಿಗೆ ವರ್ಷಾ ವರ್ಷಾ ಹಾಸಿಗೆ ಹಾಸ್ತೀಯಲ್ಲ, ಅದ್ರಲ್ಲೇ ಮೈ ಬೆಚ್ಚಗಾಗುತ್ತೆ ನಿಂಗೆ."

ಗುನ್ವೋರ್ ಮುಂದಿನ ಪೆಟ್ಟಿಗೆಗೆ ಮಂಜುಗಡ್ಡೆ ಸುರಿಯುತ್ತಿದ್ದಳು.

ನಾನು ಹೇಳುತ್ತಿರುವ ಆ ವಸಂತದಲ್ಲಿ ಹಕ್ಕಿಗಳು ಮರಳಿ ಬಂದವು. ಬೆರಳಲ್ಲಿ ಎಣಿಸುವಷ್ಟೇ, ಆದರೂ ಬಂದವು. ಇದು ಅವಳೊಬ್ಬಳಿಗೇ ಗೊತ್ತಿತ್ತು. ಮೊದಲ ಬಾರಿ ಗೂಡಿಗೆ ಬಂದ ಹಕ್ಕಿಯನ್ನು ಒಮ್ಮೆ ಬೆದರಿಸಿದರೆ ಸಾಕು, ಅದು ಆ ದ್ವೀಪವನ್ನು ಶಾಶ್ವತವಾಗಿ ಬಿಡಬಹುದು. ಹಾಗಾಗಿ ಅಂಗಡಿಯಲ್ಲಿ, ಬಂದರಿನಲ್ಲಿ, ಪ್ಯಾಕಿಂಗ್ ಸಾಲಿನಲ್ಲಿ ಕೇಳಿದವರಿಗೆಲ್ಲ ಅವಳು ಹಳೆಯ ಉತ್ತರವನ್ನೇ ಕೊಟ್ಟಳು. ಆ ಉತ್ತರದ ಹಿಂದಿನ ನಗೆಯನ್ನು ನಾವೆಲ್ಲ ಮರೆತು ಬಹಳ ಕಾಲವಾಗಿತ್ತು. ನಂಬಿದೆವು.

ಅವಳ ಮಾತು ಅವಳಿಗೇ ಉರುಳಾಗಲು ಶುರುವಾದದ್ದು ರಜೆಯ ವಿಷಯದಲ್ಲಿ. ಹಳೆಯ ಮ್ಯಾನೇಜರ್ ಏಪ್ರಿಲ್ ಬಂತೆಂದರೆ ಏನೂ ಕೇಳದೆ ಅವಳನ್ನು ಕಳಿಸುತ್ತಿದ್ದ. ಹೊಸಬ ಸಿವರ್ಟ್ ದಕ್ಷಿಣದವನು. ಒಳ್ಳೆಯ ಮನುಷ್ಯ, ಎಲ್ಲರ ಹೆಸರನ್ನೂ ವಾರದೊಳಗೆ ಕಲಿತಿದ್ದ. ಕಾರಣ ಕೇಳುವುದು ಕಾಳಜಿಯ ಲಕ್ಷಣವೆಂದು ನಂಬಿದ್ದ. ಕಾರ್ಖಾನೆಯ ಕಚೇರಿಯಲ್ಲಿ ನನ್ನ ಮೇಜಿಗೂ ಅವನ ಕೋಣೆಗೂ ನಡುವೆ ಇದ್ದದ್ದು ಒಂದು ಗಾಜು, ಮಾತೆಲ್ಲ ಕೇಳಿಸುತ್ತಿತ್ತು.

"ಎಲ್ಲೀವರೆಗೆ ಬೇಕು?"

"ಜೂನ್ ಮುಗಿಯೋವರೆಗೆ. ದ್ವೀಪಕ್ಕೆ ಹೋಗ್ಬೇಕು."

"ಓ, ಆ ಬಾತುಗಳಾ! ನಂಗೆ ಹೇಳಿದ್ರು. ಬಂದಿವೆಯಾ?" ಅವನ ದನಿಯಲ್ಲಿ ನಿಜವಾದ ಸಂತೋಷವಿತ್ತು.

"ಇಲ್ಲ. ಒಂದೂ ಬಂದಿಲ್ಲ."

"ಮತ್ಯಾಕೆ ಹೋಗ್ತೀಯ?"

ಅವಳು ಕಿಟಕಿಯಾಚೆ ನೋಡಿದಳು. ಅವನು ಬಹಳ ಹೊತ್ತು ಕಾದ, ಅದೂ ಕಾಳಜಿಯಿಂದಲೇ.

"ನೋಡು ಗುನ್ವೋರ್, ಬೇಸಿಗೆ ಕೆಲಸದವರು ಇನ್ನೂ ಬಂದಿಲ್ಲ. ಇರೋ ಬಾತಿಗಾಗಿ ಕೇಳಿದ್ರೆ ಹ್ಯಾಗಾದ್ರೂ ಮಾಡಿ ಕೊಡ್ತಿದ್ದೆ. ಇಲ್ಲದ ಬಾತಿಗೆ ಹ್ಯಾಗೆ ರಜೆ ಕೊಡ್ಲಿ? ನೀನೇ ಹೇಳು."

ಗುನ್ವೋರ್ ರಜೆಯಿಲ್ಲದೆ ಪ್ಯಾಕಿಂಗ್ ಸಾಲಿಗೆ ಮರಳಿದಳು. ಕೆಲಸಕ್ಕೆ ಮೊದಲೊಮ್ಮೆ, ಕೆಲಸ ಮುಗಿದ ಮೇಲೊಮ್ಮೆ ಸಣ್ಣ ದೋಣಿಯಲ್ಲಿ ಗ್ರೋಹೋಲ್ಮೆಗೆ ಹೋಗಿಬರತೊಡಗಿದಳು. ದೂರದಲ್ಲೇ ಎಂಜಿನ್ ನಿಲ್ಲಿಸಿ ಹುಟ್ಟು ಹಾಕುತ್ತಿದ್ದಳು. ಕಾವು ಮುಗಿಯುವ ಹೊತ್ತಿಗೆ, ಜೂನ್ ಮೊದಲ ಭಾಗದಲ್ಲಿ, ಸಿವರ್ಟ್ ವಿಹಾರದ ಸುದ್ದಿ ತಂದ. ಕೆಲಸದ ದಿನವೇ, ಎಲ್ಲರೂ, ಮಾಗ್ನಾರ್‌ನ ದೋಣಿಯಲ್ಲಿ: ಮೀನು ಹಿಡಿಯುವುದು, ಹದ್ದು, ಸೀಲ್, ನೀರುನಾಯಿ ನೋಡುವುದು, ಯಾವುದಾದರೂ ದಡದಲ್ಲಿ ಸಾಸೇಜ್ ಸುಟ್ಟು ತಿನ್ನುವುದು. ಜೀವಮಾನವಿಡೀ ಕಡಲ ಮೇಲೇ ಇರುವ ನಮ್ಮನ್ನು ಕಡಲು ತೋರಿಸಲು ಕರೆದೊಯ್ಯುವ ಯೋಚನೆಗೆ ನಾವು ನಕ್ಕೆವು. ಗುನ್ವೋರ್ ಮಾಗ್ನಾರ್‌ನನ್ನು ಹುಡುಕಿಕೊಂಡು ಹೋಗಿ ಕೇಳಿದ್ದು ಒಂದೇ ಪ್ರಶ್ನೆ: ಯಾವ ಕಡೆಗೆ? "ತೆಂಕಣ ದಿಬ್ಬದ ಕಡೆ," ಎಂದ ಅವನು. ಗ್ರೋಹೋಲ್ಮೆ ಇರುವುದು ಬಡಗಣಕ್ಕೆ. ಅವಳು ಒಪ್ಪಿದಳು.

ಹೊರಡುವ ಮೊದಲೇ ಬಂದರಿನಲ್ಲಿ ಒಂದು ಜಗಳ ನಡೆಯಿತು. ಸಿವರ್ಟ್‌ನ ಬೆನ್ನುಚೀಲವನ್ನು ಮಾಗ್ನಾರ್ ತಡೆದ.

"ಅದ್ರಲ್ಲೇನು?"

"ವಾಫಲ್, ಕಂದು ಚೀಸು. ನನ್ನ ಹೆಂಡತಿ ಎಲ್ಲರಿಗೂ ಅಂತ ಮಾಡಿ ಕೊಟ್ಟಿದಾಳೆ."

"ದಡದಲ್ಲಿಡು."

"ಏನು?"

"ಮೀನಿಗೆ ಹೋಗೋ ದೋಣೀಲಿ ವಾಫಲ್ ಇಲ್ಲ, ಕಂದು ಚೀಸ್ ಇಲ್ಲ, ಬೆನ್ನುಚೀಲಾನೂ ಇಲ್ಲ, ಅಪಶಕುನ. ದಕ್ಷಿಣದವರಿಗೇನೂ ಅಡ್ಡಿ ಇಲ್ಲ, ನೀನು ಹತ್ತು."

"ಇದೆಲ್ಲ ನಿಜವಾಗ್ಲೂ ನಂಬ್ತೀರಾ ನೀವು?"

"ನಂಬಲ್ಲ," ಎಂದ ಮಾಗ್ನಾರ್. "ಆದ್ರೆ ತರಲ್ಲ."

ಸಿವರ್ಟ್ ನಕ್ಕು ಚೀಲವನ್ನು ಕಟ್ಟೆಯ ಮೇಲಿಟ್ಟ. "ಅಳಬೇಡ್ವೋ, ಸಾಸೇಜಿಗೆ ಯಾರೂ ಅಡ್ಡಿ ಮಾಡಲ್ಲ," ಎಂದು ಒಡ್ಲೌಗ್ ಅವನ ಬೆನ್ನು ತಟ್ಟಿದಳು. ಎಲ್ಲರಿಗೂ ಕಿತ್ತಳೆ ಬಣ್ಣದ ತೇಲುವ ಉಡುಪು ಹಂಚಿದರು. ಗುನ್ವೋರ್ ಅದನ್ನು ಕತ್ತಿನವರೆಗೆ ಎಳೆದುಕೊಂಡು ದೋಣಿಯ ಹಿಂಬದಿಯಲ್ಲಿ ಕೂತಳು, ಬಡಗಣಕ್ಕೆ ಬೆನ್ನು ಮಾಡಿ.

ಬೆಳಗು ಚೆನ್ನಾಗಿತ್ತು. ಮೀನು ಬಂತು. ಲಿಥುವೇನಿಯಾದಿಂದ ಬಂದು ನಮ್ಮಲ್ಲಿ ಮೀನು ಸೀಳುವ ರಿಮಾಸ್ ತನ್ನ ತೊಡೆಯಷ್ಟು ದಪ್ಪದ ಕಾಡ್ ಮೀನೊಂದನ್ನು ಎಳೆದು ಅದಕ್ಕೆ ಮುತ್ತಿಟ್ಟ. ಮಾಗ್ನಾರ್ ಸಣ್ಣ ಮೀನೊಂದನ್ನು ಗಾಳಿಗೆ ಎಸೆದಾಗ ಬಿಳಿಬಾಲದ ಹದ್ದು ಬಂಡೆಯಿಂದೆದ್ದು, ನಮ್ಮ ತಲೆಯ ಮೇಲೆ ನೆರಳು ಹಾಸಿ, ಉಗುರುಗಳಲ್ಲಿ ಅದನ್ನು ಎತ್ತಿಕೊಂಡು ಹೋಯಿತು. ಸಿವರ್ಟ್‌ನ ಕ್ಯಾಮೆರಾ ಕಟಕಟ ಎಂದಿತು.

"ಅದ್ಭುತ ಅಲ್ವಾ, ಗುನ್ವೋರ್?"

"ಇನ್ನೊಂದು ಮೀನು ಹಾಕ್ರಿ," ಎಂದಳು ಅವಳು. "ಅದರ ಹೊಟ್ಟೆ ತುಂಬ್ಲಿ."

ಅದು ಅವಳು ಆ ಬೆಳಗ್ಗೆ ಆಡಿದ ಒಂದೇ ಮಾತು. ನಮಗೆ ಅದು ತಮಾಷೆಯಾಗಿ ಕೇಳಿಸಿತು.

ಮಧ್ಯಾಹ್ನದ ಹೊತ್ತಿಗೆ ತೆಂಕಣ ಗಾಳಿ ಎದ್ದಿತು, ಅದರ ಬೆನ್ನಿಗೇ ಮಂಜು. ದೋಣಿ ಬಡಗಣಕ್ಕೆ ಸರಿಯುತ್ತಿತ್ತು. ಆಗಲೇ ಎಂಜಿನ್ ಕಾಯತೊಡಗಿತು. ಅದನ್ನು ತಣಿಸಲು ನೀರೆಳೆಯುವ ಕೊಳವೆಗೆ ಕಡಲಪಾಚಿ ಸಿಕ್ಕಿಕೊಂಡಿತ್ತು. ಮಂಜಿನಲ್ಲಿ ಬಂಡೆಗಳ ಸದ್ದು ಹತ್ತಿರವಾಗುತ್ತಿತ್ತು. ಮಾಗ್ನಾರ್ ಚುಕ್ಕಾಣಿಯ ಹತ್ತಿರದಿಂದ ಕೂಗಿದ: "ಗ್ರೋಹೋಲ್ಮೆಯ ಒಳಕೊಲ್ಲಿಗೆ ಹೋಗ್ತೀನಿ. ಅಲ್ಲಿ ಗಾಳಿ ಇಲ್ಲ. ಎಂಜಿನ್ ಬಿಚ್ಚಿ ನೋಡ್ತೀನಿ, ನೀವು ದಡಕ್ಕಿಳಿದು ಒಲೆ ಹಚ್ಚಿ."

ಎಲ್ಲರೂ ಹೋ ಎಂದರು. ರಿಮಾಸ್ ಸಾಸೇಜ್ ಸುಡುವ ಒಲೆಯನ್ನು ಎತ್ತಿಕೊಂಡ. ಯಾರೋ ಹಾಡಿನ ಪೆಟ್ಟಿಗೆಯ ಗುಂಡಿ ಒತ್ತಿದರು. ಗುನ್ವೋರ್ ಎದ್ದು ಮಾಗ್ನಾರ್‌ನ ಹತ್ತಿರ ಹೋದಳು.

"ಬೇರೆ ಕಡೆ ಹೋಗು."

"ಬೇರೆ ಕಡೆ ಎಲ್ಲಿದೆ?"

"ಅಲ್ಲಿ ನೀರು ಕಮ್ಮಿ."

"ಇಳಿತ ಈಗ ಶುರುವಾಗಿದೆ. ಒಳಗೆ ಹೋಗೋಕೆ ನೀರಿದೆ. ಹೊರಗೆ ಬರೋಕೆ ಉಬ್ಬರ ಬರ್ಬೇಕು, ಅಷ್ಟೇ. ನಿನ್ನ ದ್ವೀಪ ಅಂತ ಬಾಡಿಗೆ ಕೇಳ್ತೀಯಾ?"

ಅವಳು ಅಲ್ಲೇ ನಿಂತಳು. ಆ ಹೊತ್ತಿನಲ್ಲಿ ಅವಳ ಎದುರಿದ್ದ ಎರಡು ದಾರಿಗಳೂ ಮುಚ್ಚಿದ್ದವು ಎಂಬುದು ನನಗೆ ತಿಳಿದದ್ದು ಆಮೇಲೆ. ಸುಮ್ಮನಿದ್ದರೆ ಕಿತ್ತಳೆ ಬಣ್ಣದ ಒಂದು ಗುಂಪು ಒಲೆ ಹೊತ್ತು, ಹಾಡು ಹಾಕಿಕೊಂಡು ಅವಳ ಗೂಡುಗಳ ನಡುವೆ ಇಳಿಯುತ್ತದೆ. ಹೇಳಿದರೆ ಅವಳ ಮನೆತನದಲ್ಲಿ ಯಾರೂ ಮುರಿಯದ ಮಾತು ಮುರಿಯುತ್ತದೆ, ಅದೂ ದಡದ ಪ್ರತಿ ಮನೆಗೂ ಸುದ್ದಿ ಒಯ್ಯುವ ಒಂದೊಂದು ಬಾಯಿಯಿರುವ ದೋಣಿಯಲ್ಲಿ. ಕೊಲ್ಲಿಯ ಬಾಯಿಯ ಎರಡು ಬಂಡೆಗಳು ಮಂಜಿನಿಂದ ಹೊರಬಂದವು. ಅವಳು ಹಾಡಿನ ಪೆಟ್ಟಿಗೆಯನ್ನು ಆರಿಸಿ ನಮ್ಮ ಕಡೆ ತಿರುಗಿದಳು.

"ಇಳೀಬೇಡಿ. ಹಕ್ಕಿಗಳಿದಾವೆ."

ಒಲೆ ಎತ್ತಿಕೊಂಡಿದ್ದ ರಿಮಾಸ್ ಇದ್ದಲ್ಲೇ ನಿಂತ. ಆಮೇಲೆ ಒಡ್ಲೌಗ್ ನಕ್ಕಳು.

"ನಿಂಗೆ ನಮ್ ಜೊತೆ ಕೂತು ಸಾಸೇಜ್ ತಿನ್ನೋಕೆ ಇಷ್ಟ ಇಲ್ಲ ಅಂದ್ರೆ ಹಾಗೇ ಹೇಳು. ಮೊನ್ನೆ ತಾನೇ ನನ್ ಮುಖ ನೋಡಿ ಒಂದೂ ಬಂದಿಲ್ಲ ಅಂದ್ಯಲ್ಲೇ?"

"ಅಂದೆ."

"ನಂಗೂ ಹಾಗೇ ಹೇಳಿದ್ದೆ ನೀನು," ಎಂದ ಸಿವರ್ಟ್. ಅವನ ಮುಖದಲ್ಲಿ ಗೊಂದಲವಿತ್ತು, ಸ್ವಲ್ಪ ನೋವೂ ಇತ್ತು. "ಆವತ್ತು ಸುಳ್ಳು ಹೇಳಿದ್ದಾ, ಈಗ ಹೇಳ್ತಿರೋದಾ?"

ಅವಳು ಉತ್ತರ ಕೊಡುವ ಮೊದಲೇ ದೋಣಿ ಕೊಲ್ಲಿಯೊಳಕ್ಕೆ ನುಗ್ಗಿ, ಎಂಜಿನ್ನಿನ ಸದ್ದು ಎರಡೂ ಬದಿಯ ಬಂಡೆಗಳಿಗೆ ಬಡಿದು ಇಮ್ಮಡಿಯಾಯಿತು. ದೋಣಿಮನೆಯ ಹಲಗೆಯಡಿಯಿಂದ ಕಂದು ಹಕ್ಕಿಯೊಂದು ಹೊರಬಿದ್ದು, ನೆಲಕ್ಕೆ ರೆಕ್ಕೆ ಬಡಿಯುತ್ತ, ಎದ್ದು, ನಮ್ಮ ತಲೆಯ ಮೇಲೆ ಹಾದು ಮಂಜಿನಲ್ಲಿ ಮರೆಯಾಯಿತು.

ಮಾಗ್ನಾರ್ ಎಂಜಿನ್ ಆರಿಸಿದ. ದೋಣಿಯ ತಳ ಮರಳನ್ನು ಸವರಿತು.

ಸಿವರ್ಟ್, ರಿಮಾಸ್ ಇಬ್ಬರನ್ನು ಬಿಟ್ಟರೆ ನಮ್ಮಲ್ಲಿ ಯಾರ ಅಜ್ಜಿಯೂ ಹಕ್ಕಿ ಕಾಯದವಳಲ್ಲ. ಅದುವರೆಗೆ ನಾವು ಮರೆತಿದ್ದದ್ದು ಒಂದೇ ಸಲಕ್ಕೆ ಎಲ್ಲರ ಮೈಗೂ ನೆನಪಾಯಿತು. ನಮ್ಮನ್ನು ನೋಡಿ ರಿಮಾಸ್ ಕೂಡ ಎತ್ತಿದ್ದ ಒಲೆಯನ್ನು, ಮೊಟ್ಟೆಯೊಂದನ್ನು ಇಡುವಷ್ಟು ಮೆಲ್ಲಗೆ, ಕೆಳಗಿಟ್ಟ. ಮಾಗ್ನಾರ್ ಪಿಸುಗುಟ್ಟಿದ: "ಈಗ ಹಿಂದಕ್ಕೆ ಹೋಗಕ್ಕಾಗಲ್ಲ, ಗುನ್ವೋರ್. ನೀರು ಇಳೀತಾ ಇದೆ."

"ಗೊತ್ತು. ಎಲ್ಲರೂ ಒಳಗೆ ಹೋಗಿ. ಈ ಬಣ್ಣ ಅವಕ್ಕೆ ಕಾಣಬಾರ್ದು. ಉಬ್ಬರ ಬರೋವರೆಗೆ ಮಾತು ಬೇಡ."

"ಅಷ್ಟು ಹೊತ್ತಾ?" ಎಂದ ಸಿವರ್ಟ್. "ಈ ಪ್ರವಾಸದ ಜವಾಬ್ದಾರಿ ನಂದು. ನಾನು ಎಲ್ಲರನ್ನೂ ಹೀಗೆ..."

ಒಡ್ಲೌಗ್ ಅವನ ತೋಳು ಹಿಡಿದು ಕ್ಯಾಬಿನ್ನಿನ ಮೆಟ್ಟಿಲಿಳಿಸಿದಳು. "ಬಾಯ್ಮುಚ್ಕೊಂಡು ಕೂತ್ಕೋ, ಸಿವರ್ಟ್." ವೆರ್ಮೋಯಾದಲ್ಲಿ ಅವಳ ಪಿಸುದನಿಯನ್ನು ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ.

ಆ ಕ್ಯಾಬಿನ್ ಆರು ಮಂದಿಗೆ ಕಟ್ಟಿದ್ದು; ನಾವು ಅದರ ಇಮ್ಮಡಿ ಇದ್ದೆವು. ಮೊಣಕಾಲಿಗೆ ಮೊಣಕಾಲು ತಾಗಿಸಿ, ಮೀನಿನ ಪೆಟ್ಟಿಗೆಯ ಮೇಲೆ, ಹಗ್ಗದ ಸುರುಳಿಯ ಮೇಲೆ ಕೂತೆವು. ಕಿಟಕಿಗಳಿಗೆ ಮಳೆಯಂಗಿಗಳನ್ನು ಇಳಿಬಿಟ್ಟು ಒಂದೊಂದು ಸೀಳು ಮಾತ್ರ ಉಳಿಸಿದೆವು. ಒದ್ದೆ ಉಣ್ಣೆ, ಡೀಸೆಲ್, ಮೀನಿನ ಕರುಳಿನ ವಾಸನೆ ದಟ್ಟವಾಯಿತು. ಎಂಜಿನ್ ಆರಿದ್ದರಿಂದ ಚಳಿ ಕಾಲಿನಿಂದ ಏರತೊಡಗಿತು. ನೀರು ಇಳಿದಂತೆ ದೋಣಿ ನಿಧಾನಕ್ಕೆ ಒಂದು ಪಕ್ಕಕ್ಕೆ ವಾಲಿತು. ನಾವೆಲ್ಲ ಒಬ್ಬರ ಮೇಲೊಬ್ಬರು ಒರಗಿ ಹಾಗೇ ಉಳಿದೆವು. ಯಾರಿಗೋ ಬಿಕ್ಕಳಿಕೆ ಬಂತು. ಅದನ್ನು ತಡೆಯಲು ಅವರು ಪಟ್ಟ ಪಾಡು ನೋಡಿ ರಿಮಾಸ್‌ಗೆ ನಗು ಬಂತು. ಅವನು ತನ್ನ ಟೊಪ್ಪಿಯನ್ನು ಬಾಯಿಗೆ ತುರುಕಿಕೊಂಡು ಕಣ್ಣೀರು ಸುರಿಸಿದ. ಹಿಂದಿನ ಮೂಲೆಯಲ್ಲಿ ಬಕೆಟ್ಟಿನ ಮುಂದೆ ಟಾರ್ಪಾಲು ಹಿಡಿಯುವ ಸರದಿ ಎಲ್ಲರಿಗೂ ಬಂತು, ಮ್ಯಾನೇಜರನಿಗೂ.

ಗುನ್ವೋರ್ ದೋಣಿಮನೆಗೆ ಎದುರಾದ ಸೀಳಿನ ಬಳಿ ಕೂತಿದ್ದಳು. ಅವಳ ಪಕ್ಕದಲ್ಲಿ ಒಡ್ಲೌಗ್, ಆಮೇಲೆ ನಾನು. ಹೆದರಿ ಹಾರಿದ ಹಕ್ಕಿಯ ಗೂಡು ಅಲ್ಲಿಂದ ಕಾಣುತ್ತಿತ್ತು. ಸಾವಕಾಶವಾಗಿ ಏಳುವ ಹಕ್ಕಿ ಮೊಟ್ಟೆಗಳ ಮೇಲೆ ತುಪ್ಪುಳನ್ನು ಹೊದಿಸಿ ಹೋಗುತ್ತದೆ, ಇದು ಹೊದಿಸಿರಲಿಲ್ಲ. ತಿಳಿಹಸಿರು ಮೊಟ್ಟೆಗಳು ಬೆತ್ತಲೆಯಾಗಿ ಬಿದ್ದಿದ್ದವು. ಸ್ವಲ್ಪ ದೂರದಲ್ಲಿ, ಮಗುಚಿದ ದೋಣಿಯ ಕೆಳಗೆ, ಇನ್ನೊಂದು ಹಕ್ಕಿ ಕಲ್ಲಿನಂತೆ ಕೂತಿತ್ತು. ಅದರಾಚೆ ಇನ್ನೊಂದು. ಅವುಗಳ ಕಣ್ಣೆಲ್ಲ ನಮ್ಮ ದೋಣಿಯ ಮೇಲೇ ಇತ್ತು.

"ಹೋಗಿ ಮುಚ್ಚಿ ಬಾರೇ," ಎಂದು ಒಡ್ಲೌಗ್ ಕಿವಿಯಲ್ಲಿ ಹೇಳಿದಳು. "ನಿನ್ ಹಕ್ಕಿಗಳಲ್ವಾ?"

"ಈ ಬಟ್ಟೇಲಿ ನಾನೂ ಯಾರೋ." ಗುನ್ವೋರ್ ತನ್ನ ಕಿತ್ತಳೆ ತೋಳನ್ನು ತೋರಿಸಿದಳು. "ನನ್ನ 'ನಾನು' ಅಲ್ಲಿ ಮೊಳೇಲಿ ನೇತಾಡ್ತಿದೆ."

ದೋಣಿಮನೆ ಒಂದು ಕೂಗಳತೆಯ ದೂರವೂ ಇರಲಿಲ್ಲ.

ಕರಿಬೆನ್ನಿನ ಕಡಲಕಾಗೆ ಬಂದದ್ದು ಮಂಜು ತುಸು ತೆಳುವಾದಾಗ. ಮೊದಲು ಸೂರಿನ ಮೇಲೆ ಕೂತಿತು. ಆಮೇಲೆ ನೆಲಕ್ಕಿಳಿದು, ಮನೆಯ ಯಜಮಾನನಂತೆ ನಡೆದುಕೊಂಡು ಗೂಡಿನ ಹತ್ತಿರ ಹೋಯಿತು. ಒಡ್ಲೌಗ್ ಎದ್ದೇಬಿಟ್ಟಳು. ಗುನ್ವೋರ್ ಅವಳ ಮಣಿಕಟ್ಟು ಹಿಡಿದು ಕೂರಿಸಿದಳು.

"ಬಿಡೇ, ಓಡಿಸ್ತೀನಿ ಅದನ್ನ!"

"ಬೇಡ. ನೀನು ಎದ್ರೆ ಅವೆಲ್ಲಾ ಏಳ್ತವೆ."

"ಕಣ್ಮುಂದೇನೇ ತಿಂತಾ ಇದೆಯಲ್ಲೇ!"

"ತಿನ್ನಲಿ."

ಕಡಲಕಾಗೆ ಮೊದಲ ಮೊಟ್ಟೆಯನ್ನು ಕುಕ್ಕಿತು. ಕಾವು ಮುಗಿಯುವ ಹೊತ್ತು; ಒಳಗಿದ್ದದ್ದು ಹಳದಿ ಲೋಳೆಯಲ್ಲ, ಮರಿ. ಸಿವರ್ಟ್ ಇನ್ನೊಂದು ಸೀಳಿನಲ್ಲಿ ಕ್ಯಾಮೆರಾ ಎತ್ತಿದ್ದವನು ಅದನ್ನು ಇಳಿಸಿ ತೊಡೆಯ ಮೇಲಿಟ್ಟುಕೊಂಡ. ಹದ್ದಿಗೆ ಮೀನು ಎಸೆದು ಚಪ್ಪಾಳೆ ತಟ್ಟಿದ ನಾವೆಲ್ಲ ಆ ಊಟ ಮುಗಿಯುವವರೆಗೆ ಅಲುಗಾಡಲಿಲ್ಲ. ಗುನ್ವೋರ್ ಕಣ್ಣು ತೆಗೆಯಲಿಲ್ಲ. ಬೇರೆ ಯಾರೂ ನೋಡದಿದ್ದರೂ ತಾನು ನೋಡಲೇಬೇಕೆಂಬಂತೆ ಕೊನೆಯ ಚಿಪ್ಪಿನವರೆಗೂ ನೋಡಿದಳು. ಒಡ್ಲೌಗ್‌ಳ ಮಣಿಕಟ್ಟನ್ನು ಬಿಟ್ಟಿರಲಿಲ್ಲ. ಆಮೇಲೆ ಅಲ್ಲಿ ನೀಲಿ ಗುರುತು ಬಿದ್ದಿತ್ತು. ಉಳಿದ ಹಕ್ಕಿಗಳು ಕೂತೇ ಇದ್ದವು.

ಕಡಲು ತಿರುಗುವುದನ್ನು ಕಾಯುವುದೆಂದರೇನೆಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಗೊತ್ತಿರಲಿಲ್ಲ. ಒಂದು ಹೊತ್ತಿನಲ್ಲಿ ಸಿವರ್ಟ್ ನಮ್ಮ ಕಡೆ ಬಾಗಿ ಉಸಿರಿನಲ್ಲೇ ಹೇಳಿದ: "ಚೀಸ್ ಬಿಟ್ಟೇ ಬಂದೆನಲ್ಲ. ಆದ್ರೂ ಹೀಗಾಯ್ತು."

"ತಂದಿದ್ರೆ ಎಲ್ಲಾ ಗೂಡೂ ಹೋಗ್ತಿದ್ವು," ಎಂದಳು ಒಡ್ಲೌಗ್, ನಗದೆ.

ಸ್ವಲ್ಪ ಹೊತ್ತಿನ ಮೇಲೆ ಅವನು ಮತ್ತೆ ಬಾಗಿದ. ಈ ಸಲ ಗುನ್ವೋರ್‌ಳ ಕಡೆಗೆ. "ಇರೋ ಬಾತಿಗೆ ರಜೆ ಕೊಡ್ತೀನಿ ಅಂದಿದ್ನಲ್ಲ. ಆವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೋಡೋಕೆ ಬರ್ತಿದ್ದೆ," ಎಂದಳು ಅವಳು, ಸೀಳಿನಿಂದ ಕಣ್ಣು ಸರಿಸದೆ.

ಅವನು ಅದನ್ನು ಯೋಚಿಸಿದ. "ಹೌದು," ಎಂದ. "ಬರ್ತಿದ್ದೆ."

ದೋಣಿ ಕೊನೆಗೂ ನೆಟ್ಟಗಾಯಿತು. ತಳದ ಕೆಳಗೆ ನೀರಿನ ಗುಳುಗುಳು ಕೇಳಿಸಿತು. ಎಂಜಿನ್ನಿಗೆ ಸಿಕ್ಕಿದ್ದ ಪಾಚಿಯನ್ನು ಮಾಗ್ನಾರ್ ಇಳಿತದಲ್ಲೇ, ಕ್ಯಾಬಿನ್ನಿನ ನೆಲಹಲಗೆ ತೆಗೆದು, ಹೊಟ್ಟೆಯ ಮೇಲೆ ಮಲಗಿ ಕಿತ್ತಿದ್ದ. ಆದರೂ ಅದನ್ನು ಚಾಲೂ ಮಾಡಲಿಲ್ಲ. ಅವನೂ ರಿಮಾಸನೂ ಕಿತ್ತಳೆ ಉಡುಪು ಕಳಚಿ, ಒಳಗಿನ ಕಪ್ಪು ಅಂಗಿಗಳಲ್ಲಿ, ಚಳಿಗೆ ನಡುಗುತ್ತ, ಕೋಲೂರಿ ದೋಣಿಯನ್ನು ಇಂಚಿಂಚಾಗಿ ಹಿಂದಕ್ಕೆ ತಳ್ಳಿದರು. ಎರಡು ಬಂಡೆಗಳ ನಡುವಿನಿಂದ ಹೊರಬಿದ್ದು, ಅಲೆ ನಮ್ಮನ್ನು ಎತ್ತಿಕೊಂಡ ಮೇಲೂ ಬಹಳ ಹೊತ್ತು ಯಾರೂ ಬಾಗಿಲು ತೆರೆಯಲಿಲ್ಲ.

ಬಂದರಿನಲ್ಲಿ ಬೆನ್ನುಚೀಲ ಇಟ್ಟಲ್ಲೇ ಇತ್ತು, ಆದರೆ ವಾಫಲ್‌ಗಳನ್ನು ಕಡಲಕಾಗೆಗಳು ಮುಗಿಸಿದ್ದವು. ಸಿವರ್ಟ್ ಗುನ್ವೋರ್‌ಳನ್ನು ಪಕ್ಕಕ್ಕೆ ಕರೆದು ಕ್ಯಾಮೆರಾ ತೋರಿಸಿದ. ಕಡಲಕಾಗೆ ಬರುವ ಮೊದಲು ತೆಗೆದ ಒಂದು ಚಿತ್ರ: ಮಗುಚಿದ ದೋಣಿ, ಅದರಡಿಯಲ್ಲಿ ಕೂತ ಹಕ್ಕಿ.

"ಇದನ್ನ ಕಾರ್ಖಾನೆಯವರಿಗೆಲ್ಲ ತೋರಿಸ್ಲಾ?"

ಅವಳು ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ತೋರ್ಸು," ಎಂದಳು. "ಕಲ್ಲು ಚೆನ್ನಾಗಿ ಬಂದಿದೆ."

ಅವನು ಅವಳನ್ನು ನೋಡಿದ, ಚಿತ್ರವನ್ನು ನೋಡಿದ. "ಹೌದಲ್ವಾ," ಎಂದ. "ಬರೀ ಕಲ್ಲು." ಆ ಚಿತ್ರವನ್ನು ಯಾರೂ ನೋಡಲಿಲ್ಲ.

ಉಳಿದ ಮರಿಗಳು ಆ ತಿಂಗಳ ಕೊನೆಯೊಳಗೆ ಕಡಲಿಗಿಳಿದವು ಎಂದು ಗುನ್ವೋರ್ ಒಡ್ಲೌಗ್‌ಗೆ ಹೇಳಿದಳು, ಪೆಟ್ಟಿಗೆಗೆ ಮಂಜುಗಡ್ಡೆ ಸುರಿಯುತ್ತ, ಯಾರೂ ಕೇಳದಿದ್ದರೂ. ದೋಣಿಮನೆಯ ಕೆಳಗಿನ ಹಕ್ಕಿ ಆ ಬೇಸಿಗೆಯಲ್ಲಿ ಮರಳಲಿಲ್ಲ. ಅದರ ಗೂಡಿಗೆ ಅವಳು ಪ್ರತಿವರ್ಷ ಈಗಲೂ ಪಾಚಿ ಹಾಸುತ್ತಾಳೆ. ಒಡ್ಲೌಗ್ ಹೋಟೆಲಿನ ಮಾತು ಆಮೇಲೆ ಎತ್ತಿಲ್ಲ.

ಮರುವರ್ಷ ಏಪ್ರಿಲ್‌ನಲ್ಲಿ ಗುನ್ವೋರ್ ಮತ್ತೆ ಆ ಗಾಜಿನಾಚೆ ನಿಂತಳು.

"ಬಂದಿವೆಯಾ?" ಎಂದು ಕೇಳಿದ ಸಿವರ್ಟ್.

"ಒಂದೂ ಬಂದಿಲ್ಲ."

"ಛೆ, ಪಾಪ," ಎಂದ ಅವನು. "ಹಾಗಾದ್ರೆ ಜೂನ್ ಮುಗಿಯೋವರೆಗೆ ಬೇಕಾಗುತ್ತೆ."

ಈಗ ಸಿವರ್ಟ್ ದಕ್ಷಿಣಕ್ಕೆ ಮರಳಿದ್ದಾನೆ. ಹೋಗುವ ಮೊದಲು, ತನ್ನ ಜಾಗಕ್ಕೆ ಬಂದವಳಿಗೆ ಹೇಳಬೇಕಾದ್ದನ್ನು ಹೇಳಿದ್ದಾನೆ. ಮಾಗ್ನಾರ್ ಕ್ಯಾಬಿನ್ನಿಗೆ ಚಿಲಕ ಹಾಕಿಸಿಲ್ಲ. ಬೀಗದ ಕಥೆಯನ್ನು ಯಾರಾದರೂ ಹೇಳಿದಾಗ ನಾವು ತಿದ್ದಲು ಹೋಗುವುದಿಲ್ಲ, ಏಕೆಂದರೆ ತಿದ್ದಿದರೆ ಬೀಗವಿಲ್ಲದ ಬಾಗಿಲಿನೊಳಗೆ ಅಷ್ಟು ಹೊತ್ತು ಏಕೆ ಕೂತಿರಿ ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ದ್ವೀಪಗಳ ಹೆಸರುಗಳನ್ನು ನಾನು ಬದಲಿಸಿರುವುದೂ ಅದಕ್ಕಾಗಿಯೇ. ಗುನ್ವೋರ್ ಇನ್ನೂ ಪ್ಯಾಕಿಂಗ್ ಸಾಲಿನಲ್ಲಿದ್ದಾಳೆ. ವಸಂತದಲ್ಲಿ ಬೂದು ಲಂಗ ಉಟ್ಟು ದ್ವೀಪದಲ್ಲಿರುತ್ತಾಳೆ. ಆ ದಿನಗಳಲ್ಲಿ ಮದುವೆಗಾಗಲಿ ಮಣ್ಣಿಗಾಗಲಿ ಎಲ್ಲಿಗೂ ಹೋಗುವುದಿಲ್ಲ, ಯಾರೂ ಕರೆಯುವುದೂ ಇಲ್ಲ. ಗ್ರೋಹೋಲ್ಮೆಗೆ ಈ ವರ್ಷವೂ ಒಂದು ಹಕ್ಕಿಯೂ ಬಂದಿಲ್ಲ.